ಅಣ್ಣನ ಕೈಗೊಗ್ಗುವ ಮಸಿ

ಕಳೆದ ಶ್ರಾವಣದಲ್ಲಿ ದೇವರ ಮನೆಯ ಬಾಗಿಲಿಗೆ ತೂಗುಹಾಕಲು ಒಂದು ದಪ್ಪ ಕಾಗದದ ಮೇಲೆ ಹನ್ನೆರಡು ನಾಮಗಳನ್ನು ನನ್ನ ಕೈಯಿಂದಲೇ ಬರೆಯಬೇಕೆಂಬ ಆಸೆಯಾಯಿತು. ಅಮೃತಹಳ್ಳಿಯ ನಮ್ಮ ಮನೆಯಿಂದ ಸಹಕಾರನಗರದ ಅಂಗಡಿಯೊಂದಕ್ಕೆ ನಡೆದು ಹೋದೆ. ಅಲ್ಲಿ ಗೋಡೆಯುದ್ದಕ್ಕೂ ಲೇಖನಿಗಳು. ಕೂದಲಿನಷ್ಟು ತೆಳುವಾದ ಮೊನೆಯವು, ಉಳಿಯಂತೆ ಅಗಲವಾದ ಮೊನೆಯವು, ಕುಂಚದಂತೆ ಬಳುಕುವವು. ಮಸಿಯಂತೂ ನವಿಲುಗರಿಯಲ್ಲಿರುವಷ್ಟು ಬಣ್ಣಗಳಲ್ಲಿ, ಸಣ್ಣ ಸಣ್ಣ ಸೀಸೆಗಳಲ್ಲಿ ಸಾಲಾಗಿ ನಿಂತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ನೋಡುತ್ತಿರುವುದನ್ನು ಕಂಡು ಅಂಗಡಿಯ ಹುಡುಗಿ ಹತ್ತಿರ ಬಂದಳು.

"ಯಾವ್ದಕ್ಕೆ ಬೇಕು ಆಂಟಿ? ಡ್ರಾಯಿಂಗಿಗಾ, ಕ್ಯಾಲಿಗ್ರಫಿಗಾ? ವಾಟರ್‌ಪ್ರೂಫ್ ಬೇಕಾ, ಮಾಮೂಲಿ ಸಾಕಾ?"

"ದೇವರ ಹೆಸರು ಬರೆಯೋದಕ್ಕಮ್ಮ."

"ಅದಕ್ಕೆ ಅಂತ ಸಪರೇಟಾಗಿ ಯಾವ್ದೂ ಬರಲ್ಲ ಆಂಟಿ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮಸಿಯನ್ನು ಆರಿಸುವಾಗ ಕೇಳುತ್ತಿದ್ದ ಮೊದಲ ಪ್ರಶ್ನೆ ಬೇರೆಯಾಗಿತ್ತು. ಬಣ್ಣ ಯಾವುದು, ಮೊನೆ ಎಷ್ಟು ದಪ್ಪ ಎಂಬುದೆಲ್ಲ ಆಮೇಲಿನ ಮಾತು. ಬರೆಯುವುದು ಯಾರಿಗೆ ಎಂಬುದು ಮೊದಲು.

ಆ ಮನೆ ಯಲಹಂಕದ ಹಳೆಯ ಊರಿನಲ್ಲಿತ್ತು. ಬೀದಿಗೆ ಜಗಲಿ, ಜಗಲಿ ದಾಟಿದರೆ ನಡುಮನೆ, ಅದರ ಬಲಕ್ಕೆ ದೇವರ ಮನೆ, ಹಿಂದೆ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ನಡುಮನೆಯ ಗೋಡೆಯಲ್ಲಿ, ದೇವರ ಮನೆಯ ಬಾಗಿಲಿಗೆ ಒಂದು ಮೊಳ ದೂರದಲ್ಲಿ, ಎರಡು ಅಂತಸ್ತಿನ ಗೂಡೊಂದಿತ್ತು. ಕೆಳಗಿನ ಅಂತಸ್ತಿನಲ್ಲಿ ಅಂಗಡಿಯಿಂದ ತಂದ ನೀಲಿ ಮಸಿಯ ಸೀಸೆ, ತಂದೆಯವರ ಪೆನ್ನು, ನನ್ನ ಶಾಲೆಯ ಪೆನ್ನು. ಮೇಲಿನ ಅಂತಸ್ತಿನಲ್ಲಿ ಹಿತ್ತಾಳೆಯ ಮಸಿಕುಡಿಕೆ, ಬಿದಿರಿನ ನಾಲ್ಕು ಲೇಖನಿಗಳು, ಇಂಗಳೀಕವನ್ನು ಅರೆದು ಮಾಡಿದ ಕೆಂಪು ಮಸಿಯ ಪುಟ್ಟ ಭರಣಿ. ತಂದೆಯವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ವಿದ್ಯಾರ್ಥಿಗಳ ಅಂಕಪಟ್ಟಿ, ಬಂಧುಗಳಿಗೆ ಕಾಗದ, ಹೀಗೆ ಲೋಕಕ್ಕೆ ಬರೆಯುವುದೆಲ್ಲ ನೀಲಿಯಲ್ಲಿ. ದೇವರಿಗೆ ಬರೆಯುವುದು ಮನೆಯಲ್ಲಿ ಅರೆದ ಕಪ್ಪಿನಲ್ಲಿ. ಮಂಗಳಶ್ಲೋಕವೂ ಅಧ್ಯಾಯದ ಕೊನೆಗೆ ಬಿಡಿಸುವ ಪದ್ಮದ ಚಿತ್ರವೂ ಕೆಂಪಿನಲ್ಲಿ. ಸ್ನಾನ ಮಾಡದವರ ಕೈ ಕೆಳಗಿನ ಅಂತಸ್ತಿಗಿಂತ ಮೇಲೆ ಹೋಗುವಂತಿರಲಿಲ್ಲ. ಯಾರೂ ನನಗೆ ಇದನ್ನು ಕೂರಿಸಿಕೊಂಡು ಹೇಳಿಕೊಟ್ಟ ನೆನಪಿಲ್ಲ. ಒಲೆ ಸುಡುತ್ತದೆಂದು ತಿಳಿದಂತೆ ಇದೂ ತಿಳಿದಿತ್ತು.

ಅಂಗಡಿಯ ಕಪ್ಪು ಮಸಿಗೆ ಮಾತ್ರ ಆ ಗೂಡಿನ ಯಾವ ಅಂತಸ್ತಿನಲ್ಲೂ ಜಾಗವಿರಲಿಲ್ಲ. ಒಮ್ಮೆ ಅಣ್ಣ ಅರಿಯದೆ ಒಂದು ಸೀಸೆ ತಂದಿಟ್ಟರು. ಅಜ್ಜಿ, ಎಂದರೆ ಅವರ ತಾಯಿ, ಅದನ್ನು ಎರಡು ಬೆರಳಿನಲ್ಲಿ ಹಿಡಿದು ಜಗಲಿಗೆ ತಂದು ಇಟ್ಟರು.

"ಇದೇನೋ ಶೀನು, ಸೂತಕದ ಕಾಗದ ಬರೆಯೋ ಮಸಿ ತಂದಿದೀಯ?"

"ಅಮ್ಮ, ಕಪ್ಪು ಕಪ್ಪೇ ಅಲ್ವೇ. ನಾವು ಅರೆಯೋದೂ ಕಪ್ಪೇ."

"ಅದು ಕಾಡಿಗೆ ಕಣೋ. ಮಗೂ ಕಣ್ಣಿಗೆ ಹಚ್ಚೋದು. ಇದನ್ನ ಹಚ್ಚು ನೋಡೋಣ ನಿನ್ನ ಮಗಳ ಕಣ್ಣಿಗೆ."

ಮರುದಿನ ಆ ಸೀಸೆ ಶಾಲೆಗೆ ಹೋಯಿತು.

ನಮ್ಮ ಕಪ್ಪು ಹುಟ್ಟುತ್ತಿದ್ದುದು ದೇವರ ಮನೆಯಲ್ಲಿ. ಎಳ್ಳೆಣ್ಣೆಯ ದೀಪದ ಮೇಲೆ ಕಂಚಿನ ತಟ್ಟೆಯೊಂದನ್ನು ಮೂರು ಇಟ್ಟಿಗೆಗಳ ಆಧಾರದಲ್ಲಿ ಕವುಚಿ ಇಡುತ್ತಿದ್ದರು. ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ತಟ್ಟೆಯ ಒಳಮೈಗೆ ಕಾಡಿಗೆ ಹಿಡಿದಿರುತ್ತಿತ್ತು. ಅಮ್ಮ ಅದನ್ನು ಬಾಳೆಯ ನಾರಿನಿಂದ ಸವರಿ ಕೂಡಿಡುವರು. ಕೆರೆಯ ಏರಿಯ ಮೇಲಿನ ಕರಿಜಾಲಿ ಮರಗಳಿಂದ ಅಂಟು ತಂದು, ಒಂದು ದಿನ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಕಾಡಿಗೆಯೊಡನೆ ಕಲ್ಲಿನಲ್ಲಿ ಅರೆಯುವುದು. ಅರೆಯುವುದೆಂದರೆ ಸುಮ್ಮನೆ ಅರೆಯುವುದಲ್ಲ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಎಲೆ ಹಾಕುವವರೆಗೆ. ಗುಂಡು ಕಲ್ಲು ತಿರುಗುವ ಸದ್ದು ಮೊದಲು ಗರಗರ ಎನ್ನುತ್ತಿತ್ತು, ಆಮೇಲೆ ಮೆತ್ತಗಾಗುತ್ತಿತ್ತು, ಕೊನೆಗೆ ಸದ್ದೇ ಇರುತ್ತಿರಲಿಲ್ಲ. ಸದ್ದು ನಿಂತಾಗ ಮಸಿ ಆಯಿತೆಂದು ಅರ್ಥ. ಬೂಷ್ಟು ಹಿಡಿಯದಿರಲೆಂದು ಎರಡು ಲವಂಗ ಹಾಕಿ ಕುಡಿಕೆಗೆ ತುಂಬಿದರೆ ನಡುಮನೆಯೆಲ್ಲ ಲವಂಗದ ವಾಸನೆ. ಇಂದಿಗೂ ಯಾರ ಮನೆಯಲ್ಲಾದರೂ ಒಗ್ಗರಣೆಗೆ ಲವಂಗ ಬಿದ್ದರೆ ನನಗೆ ಹಸಿವಾಗುವುದಿಲ್ಲ, ಬರೆಯಬೇಕೆನಿಸುತ್ತದೆ.

ಇಷ್ಟೆಲ್ಲ ಸಿದ್ಧತೆ ಒಂದು ಹೊತ್ತಗೆಗಾಗಿ. ನಮ್ಮ ಮನೆದೇವರು ನರಸಿಂಹ. ಆತನ ಪೂಜಾಕ್ರಮ, ನಾಮಾವಳಿ, ಸ್ತೋತ್ರಗಳನ್ನೆಲ್ಲ ಕನ್ನಡ ಅಕ್ಷರಗಳಲ್ಲಿ ಬರೆದ ನೂರಿಪ್ಪತ್ತು ಬಿಡಿಹಾಳೆಗಳು. ಮೇಲೆ ಕೆಳಗೆ ಹಲಸಿನ ಹಲಗೆ, ಸುತ್ತಲೂ ಹತ್ತಿಯ ದಾರ. ನವರಾತ್ರಿಯಲ್ಲಿ ಆ ಹೊತ್ತಗೆಯಿಂದಲೇ ಪಾರಾಯಣ ನಡೆಯಬೇಕು. ಅಚ್ಚಿನ ಪುಸ್ತಕ ಸಲ್ಲದು. ಹಳೆಯದು ಜೀರ್ಣವಾದರೆ ಆ ಮನೆಯವರ ಕೈಯೇ ಹೊಸದನ್ನು ಬರೆಯಬೇಕು, ಹೊರಗಿನವರಿಂದ ಬರೆಸುವಂತಿಲ್ಲ. ಹೊಸದರಲ್ಲಿ ಪಾರಾಯಣವಾದ ಮೇಲೆ ಹಳೆಯದನ್ನು ಹರಿಯುವ ನೀರಿಗೆ ಬಿಡುವುದು. ಅಣ್ಣನ ಅಜ್ಜ ಬರೆದಿಟ್ಟ ಹೊತ್ತಗೆ ನನ್ನ ಬಾಲ್ಯದ ಹೊತ್ತಿಗೆ ವಿಚಿತ್ರ ರೀತಿಯಲ್ಲಿ ಹಾಳಾಗಿತ್ತು. ಅವರು ಅಳಲೆಕಾಯಿಗೂ ಅನ್ನಭೇದಿಯೆಂಬ ಕಬ್ಬಿಣದ ಉಪ್ಪಿಗೂ ನೀರು ಸೇರಿಸಿ ಮಾಡಿದ ಮಸಿಯಲ್ಲಿ ಬರೆದಿದ್ದರು. ಬರೆದಾಗ ಬಹಳ ಗಟ್ಟಿ ಮಸಿ ಅದು, ನೀರಿಗೂ ಅಳಿಯದು. ಆದರೆ ವರುಷಗಳು ಕಳೆದಂತೆ ಕಾಗದವನ್ನು ಸುಡುತ್ತಾ ಹೋಗುತ್ತದೆ. ಕೆಲವು ಹಾಳೆಗಳಲ್ಲಿ ಅಕ್ಷರವಿದ್ದಲ್ಲಿ ಅಕ್ಷರದ ಆಕಾರದ ತೂತು ಮಾತ್ರ ಇತ್ತು. ಹಿಂದಿನ ನವರಾತ್ರಿಯಲ್ಲಿ ಹಾಳೆ ತಿರುವುವಾಗ ಒಂದು ಇಡೀ ಸಾಲು ಅಣ್ಣನ ಮಡಿಲಿಗೆ ಉದುರಿತು. ಅದಕ್ಕೇ ಅವರು ಕಾಡಿಗೆಯ ಮಸಿಯಲ್ಲಿ ಹೊಸ ಪ್ರತಿಯನ್ನು ಬರೆಯಲು ಕೂತದ್ದು. ಬರುವ ನವರಾತ್ರಿಯೊಳಗೆ ಅದು ಮುಗಿಯಲೇಬೇಕಿತ್ತು. ಇಲ್ಲವಾದರೆ ಆ ಮನೆಯಲ್ಲಿ ಎಂದೂ ತಪ್ಪದ ಪಾರಾಯಣ ಅಣ್ಣನ ಕಾಲದಲ್ಲಿ ತಪ್ಪುತ್ತಿತ್ತು.

ನೂರೆರಡು ಹಾಳೆಗಳನ್ನು ಅವರು ಬರೆದರು. ಮುತ್ತು ಪೋಣಿಸಿದಂತೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅದಕ್ಕಿಂತ ಬಾವಿಕಟ್ಟೆಯ ಕಲ್ಲುಗಳ ಹಾಗೆ ಕಾಣುತ್ತಿತ್ತು, ಒಂದರ ಭಾರವನ್ನು ಇನ್ನೊಂದು ಹೊತ್ತ ಹಾಗೆ. ಹದಿನೆಂಟು ಹಾಳೆ ಉಳಿದಿರುವಾಗ, ವೈಶಾಖದ ಒಂದು ಬೆಳಿಗ್ಗೆ, ಅಣ್ಣ ಲೇಖನಿಯನ್ನು ಕೆಳಗಿಟ್ಟು ಅಮ್ಮನನ್ನು ಕರೆದರು.

"ಮಸಿ ನೀರಾಗಿದೆ. ಗೆರೆ ನಿಲ್ತಾ ಇಲ್ಲ."

ಅಮ್ಮ ಇನ್ನಷ್ಟು ಕಾಡಿಗೆ ಹಾಕಿ ಅರೆದುಕೊಟ್ಟರು. ಮೂರು ದಿನದ ಮೇಲೆ ಮಸಿ ಗಟ್ಟಿಯಾಯಿತು, ಎಳೆಯುತ್ತಿದೆ ಎಂದರು. ಅಮ್ಮ ತೆಳ್ಳಗೆ ಮಾಡಿದರು. ಆಮೇಲೆ ದೋಷ ಲೇಖನಿಯದಾಯಿತು. ಬಿದಿರು ಮೊಂಡಾಗಿದೆ, ಕೆರೆಯ ಜೊಂಡನ್ನು ತಂದು ಕೊಯ್ದದ್ದಾಯಿತು. ಜೊಂಡು ಮೆದು; ನವಿಲುಗರಿಯ ದಂಟನ್ನು ಕೊಯ್ದದ್ದಾಯಿತು. ಅದೂ ಆಗದೆ ಹಿಡಿಗೆ ಸಿಕ್ಕಿಸಿ ಅದ್ದಿ ಬರೆಯುವ ಉಕ್ಕಿನ ಮೊನೆಗಳು ಪೇಟೆಯಿಂದ ಬಂದವು. ದೇವರಿಗೆ ಉಕ್ಕು ಆಗದೆಂದು ಅಜ್ಜಿ ಮೂರು ದಿನ ಮುಖ ತಿರುಗಿಸಿಕೊಂಡರು. ಕೊನೆಗೆ ಕೂರುವ ಮಣೆಯ ಎತ್ತರವನ್ನೂ ಬದಲಾಯಿಸಿದ್ದಾಯಿತು. ಜ್ಯೇಷ್ಠವಿಡೀ ಆ ಮನೆಯಲ್ಲಿ ಮಸಿಯನ್ನೂ ಲೇಖನಿಯನ್ನೂ ಆರಿಸುವುದೇ ಕೆಲಸ. ಅಮ್ಮನ ಅಂಗೈ ರೇಖೆಗಳಲ್ಲಿ ಕಪ್ಪು ಕೂತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬಡಿಸುವಾಗ ಆ ಕೈಯನ್ನು ನೋಡಿಯೂ ಅಣ್ಣ ನೋಡದವರಂತೆ ಊಟ ಮಾಡುತ್ತಿದ್ದರು. ಅವರ ತುತ್ತು ಬಾಯಿಗೆ ಹೋಗುವ ಮುನ್ನ ಅನ್ನದ ಅಗುಳು ಎಲೆಯ ಮೇಲೆ ಉದುರುತ್ತಿದ್ದುದನ್ನು ನಾವು ಮೂವರೂ ಕಂಡಿದ್ದೆವು. ಯಾರೂ ಆಡಲಿಲ್ಲ.

ಆಡಿದವರು ಗೌಸ್ ಸಾಹೇಬರು. ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಶಿವಾಜಿನಗರದ ಅಚ್ಚುಕೂಟವೊಂದಕ್ಕೆ ಉರ್ದುವಿನ ಮದುವೆ ಕಾಗದಗಳನ್ನೂ ಪಂಚಾಂಗಗಳನ್ನೂ ಕೈಯಲ್ಲಿ ಬರೆದುಕೊಡುವುದು ಅವರ ವೃತ್ತಿ. ಅವರ ಲೇಖನಿ ಅವರ ಮಾತಿನಲ್ಲಿ ಕಲಮ್. ಅದನ್ನು ಕೊಯ್ಯುವ ಅವರ ಚಾಕು ಮನೆಯಲ್ಲಿ ಬೇರೆ ಯಾವುದಕ್ಕೂ, ಹಣ್ಣಿಗೂ, ಬಳಕೆಯಾಗುತ್ತಿರಲಿಲ್ಲ. ಸಂಜೆ ಅಣ್ಣನೂ ಅವರೂ ನಮ್ಮ ಜಗಲಿಯ ಎರಡು ತುದಿಯಲ್ಲಿ ಕೂತು ಮಸಿಯ ಮಾತಾಡುತ್ತಿದ್ದರು. ಅವರ ಅಕ್ಷರ ಬಲದಿಂದ ಎಡಕ್ಕೆ ಹರಿಯುವುದರಿಂದ ಮೊನೆಯನ್ನು ಓರೆಯಾಗಿ ಕೊಯ್ಯಬೇಕು. ನಮ್ಮದು ದುಂಡಗಿನ ಅಕ್ಷರವಾದ್ದರಿಂದ ಮೊನೆ ಹೆಚ್ಚುಕಡಿಮೆ ನೇರವಾಗಿರಬೇಕು. ಇದನ್ನು ನಾನು ಕಲಿತದ್ದು ಆ ಜಗಲಿಯಲ್ಲಿ, ಕಂಬಕ್ಕೆ ಒರಗಿ. ಆಷಾಢದ ಆ ಸಂಜೆ ಸಾಹೇಬರು ಹೊಸದಾಗಿ ಕೊಯ್ದ ಬಿದಿರಿನ ಲೇಖನಿಯನ್ನು ಅಣ್ಣನ ಕೈಗೆ ಕೊಟ್ಟರು. ಅಣ್ಣ ಒಂದು ಚೂರು ಕಾಗದದ ಮೇಲೆ ಶ್ರೀಕಾರ ಬರೆದು, ಮತ್ತೆ ಸರಿಯಿಲ್ಲವೆಂಬಂತೆ ತಲೆಯಾಡಿಸಿದರು.

"ಮೇಷ್ಟ್ರೇ, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಹೇಳಿ ಸಾಹೇಬ್ರೇ."

"ಎಂಟು ಕಲಮ್ ಕೊಯ್ದು ಕೊಟ್ಟೆ. ಎಂಟೂ ಚೆನ್ನಾಗವೆ."

ಬೀದಿಯಲ್ಲಿ ಹಸುಗಳು ಮನೆಗೆ ಬರುತ್ತಿದ್ದವು. ಅವು ದಾಟಿ ಹೋಗುವವರೆಗೂ ಅಣ್ಣ ಆ ಶ್ರೀಕಾರವನ್ನೇ ನೋಡುತ್ತಿದ್ದರು.

"ಗೊತ್ತು," ಎಂದರು.

"ನಮ್ಮ ಅಬ್ಬಾಗೂ ಹಿಂಗೇ ಆಗಿತ್ತು. ಒಂದು ವರ್ಷ ಮಸೀನ ಬೈದ್ರು. ಆಮೇಲೆ ಕಲಮ್ ನನ್ನ ಕೈಗೆ ಕೊಟ್ರು. ನಿಮ್ಮ ಮಗಳ ಕೈ ನಾನು ನೋಡಿದೀನಿ. ಹಠಮಾರಿ ಕೈ, ಆದ್ರೆ ಕೈ ಐತೆ."

ಒಳಗೆ ಬತ್ತಿ ಹೊಸೆಯುತ್ತಿದ್ದ ಅಜ್ಜಿಗೆ ಇದೆಲ್ಲ ಕೇಳಿಸಿತ್ತು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ನೇರವಾಗಿ ವಿಷಯಕ್ಕೆ ಬಂದರು. ನನಗಾಗ ಹನ್ನೊಂದು ವಯಸ್ಸು. ರುಕ್ಮಿಣಿ ನನ್ನ ಹೆಸರು, ಮನೆಯಲ್ಲಿ ರುಕ್ಕು. ಆ ಮನೆಗೆ ನಾನೊಬ್ಬಳೇ ಮಗು. ನನ್ನೆದುರಿಗೇ, ನಾನಿಲ್ಲದವಳಂತೆ ಮಾತು ನಡೆಯಿತು.

"ರುಕ್ಕು ಹೆಣ್ಣುಮಗು ಕಣೋ. ನಾಳೆ ಇನ್ನೊಂದು ಮನೆ ಸೇರೋಳು. ಅವಳ ಕೈ ಈ ಮನೆ ಕೈ ಹೇಗಾಗತ್ತೆ?"

"ಇನ್ಯಾರಿದಾರಮ್ಮ?" ಎಂದರು ಅಣ್ಣ.

"ನಿಧಾನವಾಗಿ ನೀನೇ ಬರಿ. ಮುಂದಿನ ವರ್ಷಕ್ಕಾದರೂ ಆಗಲಿ. ದೇವರೇನು ಓಡಿಹೋಗ್ತಾನಾ?"

ಆಗ ಅಮ್ಮ, ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗಿಟ್ಟು, ಎಂದೂ ಆಡದವರು ಆಡಿದರು.

"ಅತ್ತೆ, ನಾನೂ ಇನ್ನೊಂದು ಮನೆಯಿಂದ ಬಂದೋಳೇ. ಹದಿಮೂರು ವರ್ಷದಿಂದ ಈ ದೇವರ ಮಸಿ ಅರೀತಿರೋದು ಯಾರ ಕೈ?"

ಅಜ್ಜಿ ಎಲೆಯ ಮೇಲಿನ ಅನ್ನದ ನಡುವೆ ಗುಳಿ ಮಾಡಿದರು.

"ಸಾರು ಹಾಕು," ಎಂದರು.

ಅದೇ ಒಪ್ಪಿಗೆಯಾಯಿತು. ಆದರೆ ಅಜ್ಜಿಯ ಒಪ್ಪಿಗೆಗೆ ಒಂದು ಷರತ್ತು ಇರುತ್ತಿತ್ತು. ಸಾಹೇಬರು ನನಗೆಂದು ಒಂದು ಉಪಾಯ ಹೇಳಿದ್ದರು: ಮಸಿಕುಡಿಕೆಯಲ್ಲಿ ರೇಷ್ಮೆಯ ಎಳೆಗಳ ಒಂದು ಉಂಡೆಯನ್ನು ಹಾಕಿಟ್ಟರೆ ಅದು ಮಸಿ ಕುಡಿದು ಕೂರುತ್ತದೆ, ಲೇಖನಿಯನ್ನು ಅದಕ್ಕೆ ತಾಗಿಸಿದರೆ ಬೇಕಾದಷ್ಟೇ ಮಸಿ ಹತ್ತುತ್ತದೆ, ಎಳೆಯ ಕೈಯಿಂದ ಹನಿ ಬೀಳುವುದಿಲ್ಲ. ಇದನ್ನು ಅವರು ಸೂಫ್ ಎನ್ನುತ್ತಿದ್ದರು. ರೇಷ್ಮೆ ಎಂದ ಕೂಡಲೇ ಅಜ್ಜಿ ತಮ್ಮ ಹಳೆಯ ಮಡಿಯ ಪಟ್ಟೆಸೀರೆಯ ಸೆರಗಿನಿಂದ ಹಿಡಿಯಷ್ಟು ಎಳೆ ಬಿಡಿಸಿ, ನೆನೆಸಿ, ಒಣಗಿಸಿ ತಂದುಕೊಟ್ಟರು. ಕೊಡುವಾಗ ನನ್ನ ಬೆರಳುಗಳನ್ನು ಹಿಡಿದು ನೋಡಿ, "ಕೈಯೇನೋ ಹೆಣ್ಣಿಂದು. ಮಡಿಯಾದರೂ ಪೂರ್ತಿ ಇರಲಿ," ಎಂದರು. ಅವರು ಕಹಿಯಾಗಿ ಹೇಳಲಿಲ್ಲ. ಅಕ್ಕಿ ತೊಳೆಯುವಾಗ ಕಲ್ಲು ನೋಡು ಎಂದು ಹೇಳಿದ ಹಾಗೆ ಹೇಳಿದರು. ಆ ಮಾತು ನನ್ನೊಳಗೆ ಇಳಿದು ಕೂತಿತು.

ಶ್ರಾವಣದ ಮೊದಲ ದಿನ ನಾನು ಅಣ್ಣನ ಮಣೆಯ ಮೇಲೆ, ಅಣ್ಣನ ಲೇಖನಿ ಹಿಡಿದು, ಅವರ ನೂರೆರಡನೆಯ ಹಾಳೆಯನ್ನು ಎದುರಿಗಿಟ್ಟುಕೊಂಡು ಕೂತೆ. ನನ್ನದು ಒಂದೇ ಹಟ. ಎಲ್ಲಿ ಅಣ್ಣನ ಕೈ ಮುಗಿಯಿತು, ಎಲ್ಲಿ ನನ್ನದು ಮೊದಲಾಯಿತು ಎಂದು ನೋಡಿದವರಿಗೆ ತಿಳಿಯಬಾರದು. ಅವರ ಒತ್ತುಗಳ ಬಾಲ, ತಲೆಕಟ್ಟಿನ ಬಾಗು, ಸೊನ್ನೆಯ ಅಗಲ, ಎಲ್ಲವನ್ನೂ ಹಾಗೆಯೇ ಇಳಿಸಿದೆ. ಒಂದು ಹಾಳೆಗೆ ಎರಡು ದಿನ ಹಿಡಿಯುತ್ತಿತ್ತು. ಅಣ್ಣ ಪಕ್ಕದಲ್ಲಿ ಕೂತು ಓದಿ ಹೇಳುವರು, ಬರೆದದ್ದನ್ನು ನೋಡುವರು, ಏನೂ ಹೇಳದೆ ಹಾಳೆಯನ್ನು ನೆರಳಲ್ಲಿ ಒಣಗಲು ಇಡುವರು. ಹೊಗಳಿಕೆಗಾಗಿ ನಾನು ಹಸಿದಿದ್ದೆ. ಹೊಗಳಿಕೆ ಬಾರದಿದ್ದಾಗ ಅದಕ್ಕೆ ಕಾರಣ ಅಜ್ಜಿ ಹೇಳಿದ್ದೇ ಇರಬೇಕೆಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ. ಕೈಯಲ್ಲಿ ಕೊರತೆಯಿದೆ. ಆ ಕೊರತೆಯನ್ನು ತುಂಬಬಲ್ಲದ್ದು ಏನು?

ಉತ್ತರ ಎರಡನೆಯ ಶನಿವಾರ ಸಿಕ್ಕಿತು. ಶ್ರಾವಣ ಶನಿವಾರಗಳಲ್ಲಿ ನರಸಿಂಹನಿಗೆ ಪಂಚಾಮೃತದ ಅಭಿಷೇಕ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ತೀರ್ಥ ಹಂಚಿದ ಮೇಲೆ ಬೆಳ್ಳಿಯ ಬಟ್ಟಲಲ್ಲಿ ಇನ್ನೂ ನಾಲ್ಕು ಉದ್ಧರಣೆಯಷ್ಟು ಉಳಿದಿತ್ತು. ದೇವರ ಮೈ ಮೇಲಿಂದ ಇಳಿದು ಬಂದದ್ದಕ್ಕಿಂತ ಮಡಿಯಾದದ್ದು ಲೋಕದಲ್ಲಿ ಇನ್ನೇನಿದೆ? ಹಿಂದು ಮುಂದು ಯೋಚಿಸದೆ ಎರಡು ಉದ್ಧರಣೆ ತೀರ್ಥವನ್ನು ಮಸಿಕುಡಿಕೆಗೆ ಹಾಕಿ, ದರ್ಭೆಯ ಕಡ್ಡಿಯಿಂದ ಕಲಕಿದೆ. ಕೈ ಮುಗಿದು ಬರೆಯಲು ಕೂತೆ. ಮಸಿ ಅಂದು ಹಿಂದೆಂದಿಲ್ಲದಂತೆ ಹೊಳೆಯಿತು. ಅಕ್ಷರಗಳು ಹಸಿಯಾಗಿರುವಾಗ ಮಾತ್ರವಲ್ಲ, ಒಣಗಿದ ಮೇಲೂ ಮಿರುಗುತ್ತಿದ್ದವು. ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಬಾರಿಗೆ "ಕಳೆ ಬಂದಿದೆ" ಎಂದರು. ಅಂದಿನಿಂದ ಪ್ರತಿ ಶನಿವಾರವೂ ಯಾರಿಗೂ ಹೇಳದೆ ಎರಡು ಉದ್ಧರಣೆ ಹಾಕುತ್ತಾ ಹೋದೆ. ಮೊದಲು ಬರೆದ ಹಾಳೆಗಳು ಇವುಗಳ ಮುಂದೆ ಮಂಕಾಗಿ ಕಾಣುತ್ತವೆಂದು ಅವನ್ನೂ ಹೊಸ ಮಸಿಯಲ್ಲಿ ಮತ್ತೆ ಬರೆದೆ. ಶ್ರಾವಣ ಮುಗಿಯಲು ವಾರವಿರುವಾಗ ಏಳು ಹಾಳೆಗಳಾಗಿದ್ದವು.

ಅಷ್ಟರಲ್ಲಿ ದೂರದ ಜ್ಞಾತಿಯೊಬ್ಬರು ತೀರಿಕೊಂಡ ಸುದ್ದಿ ಬಂತು. ಹತ್ತು ದಿನದ ಸೂತಕ. ಹೊತ್ತಗೆಯನ್ನು ಮುಟ್ಟುವಂತಿಲ್ಲ. ಅಣ್ಣ ತಮ್ಮ ನೂರೆರಡು ಹಾಳೆಗಳ ಮೇಲೆ ನನ್ನ ಏಳನ್ನು ಇಟ್ಟು, ಹಲಗೆ ಮುಚ್ಚಿ, ದಾರ ಬಿಗಿದು ದೇವರ ಮನೆಯ ಪೆಟ್ಟಿಗೆಯಲ್ಲಿಟ್ಟರು. ಆ ಹತ್ತು ದಿನವೂ ಜಡಿಮಳೆ. ಗೋಡೆ ಬೆವರುತ್ತಿತ್ತು, ಉಪ್ಪು ನೀರಾಗುತ್ತಿತ್ತು. ಸೂತಕ ಕಳೆದದ್ದು ಗೌರಿಹಬ್ಬದ ಹಿಂದಿನ ದಿನ. ಅಂದು ಶುದ್ಧಿಯಾದ ಮೇಲೆ ಅಣ್ಣ ಪೆಟ್ಟಿಗೆ ತೆರೆದರು. ಮೊದಲು ಕಂಡದ್ದು ಇರುವೆಯ ಸಾಲು. ಹಲಗೆ ತೆಗೆದಾಗ ಹುಳಿವಾಸನೆ ಬಂತು. ಏಳು ಹಾಳೆಗಳು ಒಂದೇ ಹಪ್ಪಳದಂತೆ ಅಂಟಿಕೊಂಡಿದ್ದವು. ಅಕ್ಷರಗಳಿದ್ದ ಕಡೆ ಬಹುಪಾಲು ಇರುವೆ ಕೆರೆದ ಬಿಳಿ ಕಲೆ. ಅಣ್ಣ ನಡುಗುವ ಬೆರಳಿನಿಂದ ಬಿಡಿಸಲು ನೋಡಿದರು. ಕಟ್ಟಕಡೆಗೆ ನನ್ನ ಮೊದಲ ಹಾಳೆ ಮೇಲೆದ್ದು ಬಂದಾಗ, ಅದಕ್ಕೆ ಅಂಟಿದ್ದ ಅವರ ನೂರೆರಡನೆಯ ಹಾಳೆಯ ಮೈ ಸಿಪ್ಪೆಯಂತೆ ಕಿತ್ತು ಬಂತು. ಅವರ ಸಾಲುಗಳ ಮೇಲೆ ನನ್ನ ಅಕ್ಷರಗಳು ತಿರುವುಮುರುವಾಗಿ ಕೂತಿದ್ದವು. ಅದು ಅವರ ಕೈ ನೆಟ್ಟಗಿದ್ದಾಗ ಬರೆದ ಕೊನೆಯ ಹಾಳೆ. ಮತ್ತೆ ಅಂಥದನ್ನು ಅವರು ಬರೆಯಲಾರರೆಂದು ಆ ಕೋಣೆಯಲ್ಲಿದ್ದ ನಾಲ್ವರಿಗೂ ತಿಳಿದಿತ್ತು.

ಅಮ್ಮ ಮಸಿಕುಡಿಕೆಯನ್ನು ಮೂಸಿ ನೋಡಿದರು.

"ಇದು ನಾನು ಅರೆದ ಮಸಿಯಲ್ಲ. ಇದಕ್ಕೇನೋ ಸೇರಿದೆ."

ನಾನು ಹೇಳಿದೆ. ತೀರ್ಥ ಹಾಕಿದೆನೆಂದು ಹೇಳಲು ಒಂದೇ ಸಾಲು ಸಾಕಾಯಿತು.

"ತೀರ್ಥಾನ ಮಸಿಗ್ಯಾಕೆ ಹಾಕಿದೆ ರುಕ್ಕು?" ಎಂದು ಕೇಳಿದವರು ಅಜ್ಜಿ.

"ನನ್ನ ಕೈ ಹೆಣ್ಣಿಂದು ಅಂದ್ಯಲ್ಲ ಅಜ್ಜಿ. ಮಡಿ ಆಗಲಿ ಅಂತ."

ನನ್ನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಣ್ಣ ಹಾಳಾದ ಎಂಟು ಹಾಳೆಗಳನ್ನು ಒಂದು ವಸ್ತ್ರದಲ್ಲಿ ಸುತ್ತಿಟ್ಟು ಹೊರಗೆ ಹೋದರು. ಪಿತೃಪಕ್ಷದಲ್ಲಿ ಬರೆಯುವಂತಿಲ್ಲ, ಅದರ ಬೆನ್ನಿಗೇ ನವರಾತ್ರಿ. ಪಕ್ಷಕ್ಕೆ ಮುನ್ನ ಉಳಿದದ್ದು ಹನ್ನೆರಡು ದಿನ, ಬರೆಯಬೇಕಾದ್ದು ಹತ್ತೊಂಬತ್ತು ಹಾಳೆ. ನಾನು ಬಾವಿಕಟ್ಟೆಯ ಮೇಲೆ ಕೂತು, ಆಗದು ಎಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೆ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ, ಒಳಗಿನಿಂದ ಗರಗರ ಸದ್ದು ಬಂತು. ಅಮ್ಮ ಗೌರಿಯನ್ನು ತರಲು ಹೊರಗೆ ಹೋಗಿದ್ದರು. ಇಣುಕಿ ನೋಡಿದರೆ, ಕಾಲು ಮಡಚಲಾಗದ ಅಜ್ಜಿ, ಎರಡೂ ಕಾಲನ್ನು ನೀಡಿಕೊಂಡು, ನಡುವೆ ಕಲ್ಲಿಟ್ಟುಕೊಂಡು ಕಾಡಿಗೆ ಅರೆಯುತ್ತಿದ್ದರು.

"ಅಂಟು ಎಷ್ಟು ಹಾಕ್ತಾಳೆ ನಿಮ್ಮಮ್ಮ? ನೋಡ್ಕೊಂಡು ಹೇಳು. ನನಗೆ ಗೊತ್ತಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ, "ಇದಕ್ಕೆ ಬೇರೇನೂ ಬೇಡ. ಇಷ್ಟೇ ಸಾಕು," ಎಂದು ಸೇರಿಸಿದರು.

ಸಂಜೆ ಅಣ್ಣ ಸಾಹೇಬರನ್ನು ಕರೆತಂದರು. ಸಾಹೇಬರು ಜಗಲಿಯಲ್ಲಿ ಕೂತು, ಅಣ್ಣ ಕೊಟ್ಟ ನನ್ನ ಹಾಳೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡರು. ಇರುವೆ ತಿಂದು ಉಳಿದ ನಾಲ್ಕು ಸಾಲುಗಳನ್ನು ಬಹಳ ಹೊತ್ತು ನೋಡಿದರು. ಜೇನು, ಸಕ್ಕರೆ, ಹಾಲು ಎಂದು ನಾನು ಹೇಳಿದಾಗ ಅವರ ಗಡ್ಡದೊಳಗೆ ನಗು ಹಾದುಹೋಯಿತು.

"ಇರುವೆಗೆ ಹಬ್ಬ ಮಾಡಿದೀಯ. ಹೋಗ್ಲಿ ಬಿಡು. ಇದು ಯಾರ ಕೈ ಮಗಳೇ?"

"ನಂದು."

"ಅಲ್ಲ. ಇದು ಮೇಷ್ಟ್ರ ಕೈನ ನಕಲು. ನಿಂದು ಕೈ ಎಲ್ಲೈತೆ?"

ನಾನು ಅಣ್ಣನ ಮುಖ ನೋಡಿದೆ.

"ಅದನ್ನ ಮೊದಲ ದಿನವೇ ಕಂಡೆ," ಎಂದರು ಅಣ್ಣ. "ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಕೈ ಇನ್ನೂ ಬರೀತಾ ಇದೆ ಅನ್ನಿಸ್ತಿತ್ತು ನೋಡಿ ಸಾಹೇಬ್ರೇ. ಆ ಆಸೆಗೆ ಸುಮ್ಮನಿದ್ದೆ."

ಹನ್ನೊಂದರ ವಯಸ್ಸಿನಲ್ಲಿ ನನಗೆ ಆ ಮಾತಿನ ಪೂರ್ತಿ ಭಾರ ತಿಳಿಯಲಿಲ್ಲ. ತಂದೆ ತಪ್ಪೊಪ್ಪಿಕೊಳ್ಳುವುದನ್ನು ಅದೇ ಮೊದಲು ಕೇಳಿದ್ದೆ, ಅಷ್ಟೆ. ಸಾಹೇಬರು ಶ್ರೀಕಾರ ಬರೆಯೆಂದರು, ಯಾರನ್ನೂ ನೆನೆಯದೆ ಬರೆಯೆಂದರು. ಬರೆಯುವಾಗ ಅವರು ಅಕ್ಷರವನ್ನು ನೋಡಲಿಲ್ಲ. ನನ್ನ ಮಣಿಕಟ್ಟನ್ನು ನೋಡಿದರು. ನನ್ನ ಕೈ ಸ್ವಾಭಾವಿಕವಾಗಿ ಒಳಕ್ಕೆ ವಾಲುತ್ತಿತ್ತು. ಇಷ್ಟು ದಿನ ಅದನ್ನು ಬಲವಂತದಿಂದ ನೆಟ್ಟಗೆ ನಿಲ್ಲಿಸಿ ಅಣ್ಣನ ಲೇಖನಿಯಲ್ಲಿ ಬರೆಯುತ್ತಿದ್ದೆ. ಹಾಳೆಗೆ ಎರಡು ದಿನ ಹಿಡಿಯುತ್ತಿದ್ದುದೂ ಅದಕ್ಕೇ. ಅವರು ಸಣ್ಣ ಬಿದಿರೊಂದನ್ನು ಆರಿಸಿ, ನನ್ನ ವಾಲಿಕೆಗೆ ಸರಿಯಾಗಿ ಮೊನೆಯನ್ನು ಒಂದು ಕೂದಲೆಳೆಯಷ್ಟು ಓರೆಯಾಗಿ ಕೊಯ್ದು, ಉಗುರಿನ ಮೇಲೆ ಒತ್ತಿ ನೋಡಿ, ಕೊಟ್ಟರು. ಆ ಲೇಖನಿಯಲ್ಲಿ ಬರೆದ ಅಕ್ಷರ ಅಣ್ಣನದಕ್ಕಿಂತ ಚಿಕ್ಕದಾಗಿತ್ತು, ತೆಳುವಾಗಿತ್ತು, ಸ್ವಲ್ಪ ಮುಂದಕ್ಕೆ ಬಾಗಿತ್ತು. ಎಲ್ಲಿಗೋ ಹೊರಟವರ ಹಾಗೆ ಕಾಣುತ್ತದೆ ಎಂದು ಅಮ್ಮ ಹೇಳಿದರು. ನನಗೆ ಅದು ನಾಚಿಕೆ ತರುವಷ್ಟು ನನ್ನದೆನಿಸಿತು.

ನೂರೆರಡನೆಯ ಹಾಳೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಅದನ್ನು ಮಾತ್ರ ಅಣ್ಣನೇ ಬರೆಯಲಿ, ನಡುಗಿದರೂ ಆಗಲಿ ಎಂದು ನಾನು ಬೇಡಿಕೊಂಡೆ. ಅಣ್ಣ ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಮಣೆಯ ಮೇಲೆ ಕೂತರು. ಅಜ್ಜಿ ಅರೆದ ಮಸಿಗೆ ಲೇಖನಿ ತಾಗಿಸಿ, ಹಾಳೆಯ ಮೇಲೆ ಹಿಡಿದು, ಹಾಗೆಯೇ ಸ್ವಲ್ಪ ಹೊತ್ತು ಇದ್ದರು. ಆಮೇಲೆ ಮಣೆಯಿಂದ ಎದ್ದು, ಪಕ್ಕದ ಚಾಪೆಯ ಮೇಲೆ ಕೂತು, "ಬಾ, ನೂರೆರಡರಿಂದಲೇ ಹಿಡಿ. ನಾನು ಹೇಳ್ತೀನಿ," ಎಂದರು. ಹನ್ನೆರಡು ದಿನ ಅವರು ಹೇಳಿದರು, ನಾನು ಬರೆದೆ. ಶಾಲೆಗೆ ಹೋಗಲಿಲ್ಲ. ಎರಡು ಹೊತ್ತು ಸ್ನಾನ, ಎರಡು ಹೊತ್ತು ಬರಹ. ಅಮ್ಮ ಹೊತ್ತು ಹೊತ್ತಿಗೆ ನನ್ನ ಬೆರಳುಗಳಿಗೆ ಎಳ್ಳೆಣ್ಣೆ ತಿಕ್ಕುವರು. ಕೊನೆಯ ಹಾಳೆಯ ಕೆಳಗೆ ಇಂಗಳೀಕದಲ್ಲಿ ಪದ್ಮವನ್ನು ಬರೆದಾಗ ಹುಣ್ಣಿಮೆಯ ಬೆಳಿಗ್ಗೆ. ಎಂಟು ದಳಗಳಲ್ಲಿ ಒಂದು ಸೊಟ್ಟಗಾಯಿತು. ತಿದ್ದುತ್ತೇನೆಂದರೆ ಅಣ್ಣ ಬಿಡಲಿಲ್ಲ.

ನವರಾತ್ರಿಯ ಮೊದಲ ದಿನ ನಡುಮನೆಯಲ್ಲಿ ಪಾರಾಯಣ. ಮೂರು ಗಂಟೆಯ ಹೊತ್ತು ಅಣ್ಣ ಓದಿದರು. ತಾವು ಬರೆದ ನೂರೊಂದು ಹಾಳೆಗಳಲ್ಲಿ ಅವರು ಹೊತ್ತಗೆಯನ್ನು ನೋಡಲೇ ಇಲ್ಲ. ಎಲ್ಲವೂ ಕಂಠಸ್ಥ, ಕಣ್ಣು ಅರೆಮುಚ್ಚಿ, ದೇವರ ಕಡೆ ಮುಖ ಮಾಡಿ, ಬೆರಳು ತನ್ನಷ್ಟಕ್ಕೆ ಹಾಳೆ ತಿರುವುತ್ತಿತ್ತು. ನೂರೆರಡನೆಯದು ಬಂದಾಗ ಅವರು ನಿಂತರು. ಉತ್ತರೀಯದ ತುದಿಯಿಂದ ಕನ್ನಡಕವನ್ನು ಒರೆಸಿ ಹಾಕಿಕೊಂಡರು. ಹಾಳೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಸಾಲಿನ ಕೆಳಗೆ ನಡುಗುವ ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಈಗಷ್ಟೇ ಓದಲು ಕಲಿತವರ ಹಾಗೆ ನೋಡಿ ನೋಡಿ ಓದತೊಡಗಿದರು. ನೈವೇದ್ಯದ ಹೊತ್ತು ಮೀರಿತು. ಅಡುಗೆಮನೆಯಲ್ಲಿ ಅಮ್ಮ ಹುಗ್ಗಿಯನ್ನು ಮತ್ತೆ ಬಿಸಿಗಿಟ್ಟರು. ಮಂಗಳಾರತಿಯಾದ ಮೇಲೆ ಅಜ್ಜಿ ಕೇಳಿಯೇ ಬಿಟ್ಟರು.

"ಕೊನೆಕೊನೆಗೆ ಯಾಕೋ ಅಷ್ಟು ನಿಧಾನ ಮಾಡ್ದೆ ಶೀನು? ಅಕ್ಷರ ಕಾಣಿಸ್ಲಿಲ್ವಾ?"

"ಕಾಣಿಸ್ತಿತ್ತಮ್ಮ," ಎಂದರು ಅಣ್ಣ. "ಅದಕ್ಕೇ."